ನಿರ್ಮಾಣ ಹಂತದ ಮನೆಗೆ ಮರದ ಬೋದಿಗೆ: ಗಮನಿಸತಕ್ಕ ಅಂಶಗಳು

ಮಾನ್ವಿ ತಾಲ್ಲೂಕಿನ ಕುರ್ಡಿ ಸುತ್ತಿನ ಹಳೆಯ ಮಾಳಿಗೆ ಮನೆಗಳಲ್ಲಿ ಕೆತ್ತನೆಯ ಬೋದಿಗೆ ಬರಿಯ ಅಲಂಕಾರವಾಗಿರಲಿಲ್ಲ. ತೊಲೆಯ ಭಾರವನ್ನು ಹರಡಿ ಕಂಬಕ್ಕೆ ಇಳಿಸುತ್ತಿತ್ತು. ಆರ್‌ಸಿಸಿ ಮನೆಯಲ್ಲಿ ಆ ಭಾರವನ್ನು ಸ್ಲ್ಯಾಬೇ ಹೊತ್ತು ಗೋಡೆಗೆ ದಾಟಿಸುವುದರಿಂದ ಬೋದಿಗೆ ಕೇವಲ ಶೋಭೆಗೆ. ಅದನ್ನು ನಂಬಿ ಸಜ್ಜವನ್ನು ಉದ್ದವಾಗಿ ಚಾಚುವುದಾಗಲಿ, ಕಬ್ಬಿಣದ ಸರಳು ಕಡಿಮೆ ಮಾಡುವುದಾಗಲಿ ಪ್ರಾಣಾಪಾಯಕರ. ಬೋಲ್ಟ್‌ಗಳನ್ನು ಕಾಂಕ್ರೀಟ್ ಹಾಕುವ ಮೊದಲೇ ಇರಿಸತಕ್ಕದ್ದು. ನಂತರ ಕೊರೆದರೆ ಸರಳಿಗೆ ಪೆಟ್ಟಾಗಬಹುದು. ಹಸಿ ಮರ ಒಣಗುವಾಗ ಸೀಳುತ್ತದೆ. ಕೆಡವಿದ ಮನೆಯ ಹಳೆಯ ತೇಗದ ಬೋದಿಗೆ, ಗೆದ್ದಲು ಹಿಡಿಯದಿದ್ದಲ್ಲಿ, ಹೊಸದಕ್ಕಿಂತ ಮೇಲು.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಡಿ ಬಯಲು ಪ್ರದೇಶದ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ; ಅದೂ ಹಂತಹಂತದ ಛಾಯಾಚಿತ್ರ ಆಧರಿಸಿ ಕಂತುಗಳಲ್ಲಿ. ಕೆತ್ತನೆಗೆ ಮೊದಲೇ ಹಣ ವ್ಯಯವಾಗಿ ಛಾವಣಿಯ ಕೆಲಸ ನಿಂತರೆ ಮುಂದಿನ ಕಂತೂ ನಿಲ್ಲುತ್ತದೆ. ಸದಸ್ಯರು ಇದನ್ನು ಫಲಾನುಭವಿಗಳಿಗೆ ತಳಪಾಯದ ಹಂತದಲ್ಲಿಯೇ ಮನವರಿಕೆ ಮಾಡಿಕೊಡುವುದು.