ಮ್ಯಾಂಚೆಸ್ಟರಿನಲ್ಲಿ ಕೇಳಿದ ಪ್ರಶ್ನೆ

ಮ್ಯಾಂಚೆಸ್ಟರ್ ಎಂದರೆ ನಮ್ಮ ಪೀಳಿಗೆಯವರಿಗೆ ನೆನಪಾಗುವುದು ಬಟ್ಟೆಯ ಗಿರಣಿ. ಅಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋದಾಗ, ಅಂಥದೊಂದು ಹಳೆಯ ಗಿರಣಿಯೊಳಗೆ ಸಂಗೀತ ಕೇಳುವ ಯೋಗ ನನಗೆ ಒದಗಿತು.

“ಇದು ಇಂಡೀ ಬ್ಯಾಂಡ್, ಅಪ್ಪಾ” ಎಂದ ಮಗ. ವಿಜಯಪುರದ ಕಡೆಯ ಇಂಡಿ ಊರಿನವರು ಇಲ್ಲಿಗೂ ಬಂದರೇ ಎಂದು ಬೆರಗಾದೆ! ‘ಇಂಡಿಪೆಂಡೆಂಟ್’ ಎಂಬುದರ ಮೊಟಕು ರೂಪವದು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟಿ, ಧ್ವನಿಮುದ್ರಿಸಿ, ಮಾರುವವರು ಎಂದು ಆತ ವಿವರಿಸಿದ. 1977ರಲ್ಲಿ ಇದೇ ಊರಿನ ಬಜ್‌ಕಾಕ್ಸ್ ತಂಡದವರು ಬಂಧುಮಿತ್ರರಲ್ಲಿ ಸುಮಾರು 500 ಪೌಂಡು ಸಾಲ ಮಾಡಿ, ಮೊದಲಿಗೆ 1,000 ಪ್ರತಿಗಳ ಧ್ವನಿಮುದ್ರಿಕೆಯನ್ನು ತಾವೇ ಹೊರತಂದರಂತೆ. ಅದು ಸಾವಿರಗಟ್ಟಲೆ ಖರ್ಚಾಗಿ, ಇತರ ತರುಣರಿಗೂ ಧೈರ್ಯ ಬಂದಿತು.

ಒಳಗೆ ಕುರ್ಚಿಯೆಂಬುದೇ ಇರಲಿಲ್ಲ. ಬಾಗಿಲಲ್ಲೇ ಕಿವಿಗೆ ಇಟ್ಟುಕೊಳ್ಳಲು ಸ್ಪಂಜಿನ ಬಿರಡೆ ಕೊಟ್ಟರು. ಸಂಗೀತಕ್ಕೆ ಕರೆದು ಕಿವಿ ಮುಚ್ಚಿಸುವ ಉಪಚಾರವನ್ನು ನಾನು ಕಂಡದ್ದು ಅದೇ ಮೊದಲು. ಗಿಟಾರಿನ ಮೊರೆತಕ್ಕೆ ಎದೆಗೂಡು ಅದುರಿತು; ಒಂದು ಮಾತೂ ತಿಳಿಯಲಿಲ್ಲ. ಆದರೆ ಕೊನೆಯ ಹಾಡಿನಲ್ಲಿ ವಾದ್ಯಗಳೆಲ್ಲ ನಿಂತು, ನೆರೆದ ಜನರೇ ಪಲ್ಲವಿಯನ್ನು ಎತ್ತಿಕೊಂಡರು. ಲಿಂಗಸುಗೂರು ತಾಲೂಕಿನ ನನ್ನ ಹುಟ್ಟೂರು ಗುರುಗುಂಟಾದ ಭಜನೆಯಲ್ಲಿ, ಮುಂದಿನವರು ಬಿಟ್ಟ ಸೊಲ್ಲನ್ನು ಹಿಂದಿನವರು ಹಿಡಿಯುವ ಬಗೆಯೂ ಇದೇ ಅಲ್ಲವೇ!

ಕಾರ್ಯಕ್ರಮ ಮುಗಿದೊಡನೆ, ಹಾಡಿದ ಹುಡುಗನೇ ಬೆವರೊರೆಸಿಕೊಳ್ಳುತ್ತ ಬಾಗಿಲ ಬಳಿಯ ಮೇಜಿಗೆ ಬಂದು ಧ್ವನಿಮುದ್ರಿಕೆಗಳನ್ನು ಮಾರಲು ನಿಂತ. ಮುಂದಿನ ಊರಿನ ದಾರಿಖರ್ಚು ಅಲ್ಲಿಂದಲೇ ಹುಟ್ಟಬೇಕಂತೆ. ನಾನೂ ಒಂದನ್ನು ಕೊಂಡೆ. ನನ್ನ ಊರನ್ನು ವಿಚಾರಿಸಿದ ಆತ, “ಅಲ್ಲಿ ಏನು ಹಾಡುತ್ತಾರೆ? ಯಾರು ಹಾಡುತ್ತಾರೆ?” ಎಂದು ಕುತೂಹಲದಿಂದ ಕೇಳಿದ.

ತತ್ವಪದ ಎಂದೆ, ಶಿಶುನಾಳ ಶರೀಫರ (1819–1889) ಹೆಸರು ಹೇಳಿದೆ. ಹಾಡಿ ತೋರಿಸಿರೆಂದಾಗ ಪಲ್ಲವಿ ಬಂತು, ಮುಂದಿನ ನುಡಿ ಬರಲಿಲ್ಲ. ‘ಯಾರು’ ಎಂಬುದಕ್ಕಂತೂ ಉತ್ತರವೇ ಇಲ್ಲ. ನಮ್ಮ ಓಣಿಯಲ್ಲಿ ಏಕತಾರಿ ಹಿಡಿದು ಜೀವಮಾನವೆಲ್ಲ ಹಾಡಿದವರನ್ನು ‘ಭಜನೆಯ ತಾತ’ ಎಂದು ಬಲ್ಲೆನೇ ಹೊರತು, ಅವರ ಹೆಸರನ್ನು ನಾನೆಂದೂ ಕೇಳಿರಲಿಲ್ಲ.

ಮನೆಗೆ ಮರಳುವಾಗ ಮಗ ಕಾರಿನಲ್ಲಿ ರಘು ದೀಕ್ಷಿತರ ಹಾಡು ಹಾಕಿದ. ಶರೀಫರ ಪದವನ್ನು ಗಿಟಾರಿಗೆ ಹೊಂದಿಸಿ 2008ರ ತಮ್ಮ ಮೊದಲ ಸಂಕಲನದಲ್ಲಿ ಸೇರಿಸಿದವರು ಇವರು. 2011ರಲ್ಲಿ ಇವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತ್ತು. ಗುರುಗುಂಟಾದಲ್ಲಿ ಒಂದು ವಾರವೂ ನಿಲ್ಲದ ನನ್ನ ಮಗನಿಗೆ ಪದದ ನುಡಿಗಳೆಲ್ಲ ಬಾಯಿಪಾಠವಾಗಿದ್ದವು! ನಾನು ಸುಮ್ಮನೆ ಕೇಳುತ್ತ ಕುಳಿತೆ.

ಬೆಂಗಳೂರಿಗೆ ಬಂದ ಬಳಿಕ, ಮೊದಲ ಅಮಾವಾಸ್ಯೆಗೆ ಗುರುಗುಂಟಾಕ್ಕೆ ಹೋದೆ. ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಮೊಮ್ಮಗ ಏಕತಾರಿಯನ್ನು ಶ್ರುತಿಗೊಳಿಸುತ್ತಿದ್ದ. ತಾತನ ಹೆಸರನ್ನು ಕೇಳಿ ಬರೆದುಕೊಂಡೆ. ಪದಗಳನ್ನೂ ಬರೆಸುವೆಯಾ ಎಂದಾಗ ಆ ಹುಡುಗ ನಕ್ಕುಬಿಟ್ಟ.

“ಬರ್ಕೊಳ್ಳೋದ್ಯಾಕ್ರಿ? ಕುಂದರ್ರಿ, ಹಾಡ್ರಿ.”