ಮಣ್ಣೋ ಕುಂಬಾರನೋ? — ತಂಡದ ಏಳಿಗೆಯ ಕಾರಣವಿಚಾರ

ಮಡಕೆಗೆ ಕಾರಣ ಮಣ್ಣೋ ಕುಂಬಾರನೋ ಎಂದು ಕೇಳಿದರೆ, ಶಾಸ್ತ್ರ ಬಲ್ಲವರು ಎರಡೂ ಎಂದು ಉತ್ತರಿಸುತ್ತಾರೆ. ಮಣ್ಣು ಉಪಾದಾನ ಕಾರಣ. ಕುಂಬಾರ ನಿಮಿತ್ತ ಕಾರಣ. ತಿಗರಿ, ಕೋಲು, ನೀರು ಮೊದಲಾದುವು ಸಹಕಾರಿ ಕಾರಣಗಳು. ಮಣ್ಣಿಲ್ಲದ ಕುಂಬಾರನದು ಬರಿಗೈ. ಕುಂಬಾರನಿಲ್ಲದ ಮಣ್ಣು ಬರಿಯ ಮಣ್ಣು. ಇಷ್ಟು ನಿರ್ವಿವಾದ. ಆದರೆ ಹೋದ ವರ್ಷದ ಮಡಕೆ ಸೋರುತ್ತಿತ್ತು, ಈ ವರ್ಷದ್ದು ಸೋರುತ್ತಿಲ್ಲ. ಬದಲಾದದ್ದು ಮಣ್ಣೋ ಕೈಯೋ ಎಂದು ಕೇಳಿದಾಗ ‘ಎರಡೂ’ ಎಂಬ ಉತ್ತರದಿಂದ ನುಣುಚಿಕೊಳ್ಳಲು ಬರುವುದಿಲ್ಲ. ವಸ್ತುವಿನ ಇರವಿಗೆ ಕಾರಣ ಹೇಳುವುದಕ್ಕಿಂತ ಅದರ ಏಳಿಗೆಗೆ ಕಾರಣ ಹೇಳುವುದು ಕಠಿಣ.

ಕ್ರೀಡಾಲೋಕದಲ್ಲಿ ಈ ಪ್ರಶ್ನೆ ವರ್ಷವರ್ಷವೂ ಏಳುತ್ತದೆ. ಸೋತು ಸುಣ್ಣವಾಗಿದ್ದ ತಂಡವೊಂದು ಮರುವರ್ಷ ಗೆದ್ದು ಬೀಗಿದರೆ, ಒಂದು ಪಕ್ಷದವರು ಹೊಸದಾಗಿ ಬಂದ ಆಟಗಾರರನ್ನೂ ಇನ್ನೊಂದು ಪಕ್ಷದವರು ತರಬೇತುದಾರನನ್ನೂ ಕೊಂಡಾಡುತ್ತಾರೆ. ಕೇವಲ ಕೀರ್ತಿಯ ಹಂಚಿಕೆಯ ಮಾತಾಗಿದ್ದರೆ ಇದನ್ನು ಕಾಲಹರಣದ ಚರ್ಚೆಯೆಂದು ಬಿಡಬಹುದಾಗಿತ್ತು. ಆದರೆ ಗೆಲುವಿನ ಕಾರಣವನ್ನು ತಪ್ಪಾಗಿ ತಿಳಿದವರು ಸೋಲಿನ ಹೊಣೆಯನ್ನೂ ತಪ್ಪು ಹೆಗಲಿಗೆ ಹೊರಿಸುತ್ತಾರೆ. ಆಟಗಾರರು ಹದಿನೈದು ಮಂದಿ, ತರಬೇತುದಾರ ಒಬ್ಬ. ಹದಿನೈದು ಮಂದಿಯನ್ನು ಹೊರಕ್ಕೆ ಕಳುಹಿಸುವುದು ಕಷ್ಟ. ಒಬ್ಬನನ್ನು ಕಳುಹಿಸುವುದು ಸುಲಭ. ಸುಲಭವಾದುದೇ ನ್ಯಾಯವೆಂದು ತೋರುವ ಅಪಾಯ ಇಲ್ಲಿದೆ. ಈ ವಿಚಾರಕ್ಕೆ ಬಾಸ್ಕೆಟ್‌ಬಾಲ್ ಆಟವು, ಅದರಲ್ಲಿಯೂ ಅಮೆರಿಕದ ಎನ್‌ಬಿಎ ಎಂಬ ವೃತ್ತಿಪರ ಸಂಘದ ಪಂದ್ಯಗಳು, ಒಳ್ಳೆಯ ನಿದರ್ಶನಗಳನ್ನು ಒದಗಿಸುತ್ತವೆ.

ಪ್ರಶ್ನೆ ಆಟದಷ್ಟೇ ಹಳೆಯದು. 1891ರಲ್ಲಿ ಮೆಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಹುಡುಗರು ಒಳಾಂಗಣದಲ್ಲಿ ಆಡಲೆಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಈ ಆಟವನ್ನು ಕಲ್ಪಿಸಿದರು. ಅನಂತರ ಅವರೇ ಕನ್ಸಾಸ್ ವಿಶ್ವವಿದ್ಯಾಲಯದ ತಂಡದ ಮೊದಲ ತರಬೇತುದಾರರಾದರು. ಅವರ ಕಾಲದಲ್ಲಿ ಆ ತಂಡ 55 ಪಂದ್ಯಗಳನ್ನು ಗೆದ್ದು 60ನ್ನು ಸೋತಿತು. ಆಟವನ್ನೇ ಸೃಷ್ಟಿಸಿದವರಿಗೆ ಗೆಲುವಿಗಿಂತ ಸೋಲು ಹೆಚ್ಚಾಯಿತು! ಅವರ ಶಿಷ್ಯ ಫಾರೆಸ್ಟ್ ಆಲೆನ್ ತಾನು ತರಬೇತುದಾರನಾಗುತ್ತೇನೆಂದಾಗ, ಈ ಆಟವನ್ನು ಆಡಬಹುದಷ್ಟೆ, ಕಲಿಸಲು ಬರುವುದಿಲ್ಲವೆಂದು ನೇಸ್ಮಿತ್ ನಕ್ಕರೆಂದು ಪ್ರತೀತಿ. ಆ ಶಿಷ್ಯ ಅದೇ ವಿಶ್ವವಿದ್ಯಾಲಯದಲ್ಲಿ 39 ಋತುಗಳ ಕಾಲ ತಂಡವನ್ನು ತಿದ್ದಿ 590 ಗೆಲುವುಗಳನ್ನು ತಂದುಕೊಟ್ಟರು. ಹೀಗೆ ಪೂರ್ವಪಕ್ಷವೂ ಉತ್ತರಪಕ್ಷವೂ ಗುರುಶಿಷ್ಯರ ರೂಪದಲ್ಲಿ ಆಟದ ಬಾಲ್ಯದಲ್ಲಿಯೇ ಎದುರುಬದುರಾಗಿ ನಿಂತಿದ್ದವು.

ವಿಚಾರಕ್ಕೆ ಮೊದಲು ಆಟದ ಸ್ವರೂಪವನ್ನು ನೆನೆಯಬೇಕು. ಅಂಗಣದಲ್ಲಿ ಒಂದು ಪಕ್ಷಕ್ಕೆ ಐವರೇ. ಎನ್‌ಬಿಎ ಪಂದ್ಯದ ಅವಧಿ 48 ನಿಮಿಷ. ಪೂರ್ಣ ಋತುವಿನಲ್ಲಿ ಒಂದೊಂದು ತಂಡಕ್ಕೆ 82 ಪಂದ್ಯಗಳು. ಕ್ರಿಕೆಟ್ಟಿನಲ್ಲಿ ಹನ್ನೊಂದು ಮಂದಿಯಿರುತ್ತಾರೆ. ಔಟಾದ ದಾಂಡಿಗ ಆ ಸರದಿಯಲ್ಲಿ ಮತ್ತೆ ಬ್ಯಾಟು ಹಿಡಿಯುವಂತಿಲ್ಲ. ಇಲ್ಲಿಯಾದರೋ ಪ್ರಬಲನಾದ ಒಬ್ಬ ಆಟಗಾರ ಮೂವತ್ತೈದು ನಿಮಿಷಕ್ಕೂ ಮಿಗಿಲಾಗಿ ಅಂಗಣದಲ್ಲಿದ್ದು, ಮುತ್ತಿಗೆಯಲ್ಲಿಯೂ ಕಾಪಿನಲ್ಲಿಯೂ ಪಾಲುಗೊಳ್ಳುತ್ತಾನೆ. ಆದಕಾರಣ ಒಬ್ಬನ ಬರವು ಅಥವಾ ಹೋಗುವಿಕೆ ಈ ಆಟದಲ್ಲಿ ಬೀರುವ ಪ್ರಭಾವ ಬೇರೆ ಅನೇಕ ತಂಡದಾಟಗಳಿಗಿಂತ ಹೆಚ್ಚು.

ಕಾರಣನಿರ್ಣಯಕ್ಕೆ ತಾರ್ಕಿಕರು ಹೇಳಿದ ಮಾರ್ಗ ಅನ್ವಯ-ವ್ಯತಿರೇಕ. ಹೊಗೆಯಿರುವಲ್ಲಿ ಬೆಂಕಿಯುಂಟು, ಅಡುಗೆಮನೆಯಲ್ಲಿರುವಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಕೆರೆಯಲ್ಲಿರುವಂತೆ. ಅಂತೆಯೇ ತರಬೇತುದಾರ ಬದಲಾಗದೆ ಆಟಗಾರರು ಮಾತ್ರ ಬದಲಾದ ತಂಡವನ್ನೂ, ಆಟಗಾರರು ಬದಲಾಗದೆ ತರಬೇತುದಾರ ಮಾತ್ರ ಬದಲಾದ ತಂಡವನ್ನೂ ಹುಡುಕಿ ಹೋಲಿಸಬೇಕು.

ಮೊದಲ ಬಗೆಗೆ ಬಾಸ್ಟನ್ ಸೆಲ್ಟಿಕ್ಸ್ ತಂಡ ನಿದರ್ಶನ. 2006-07ರಲ್ಲಿ ಅದು ಗೆದ್ದದ್ದು 24, ಸೋತದ್ದು 58. ನಡುವೆ ಎಡೆಬಿಡದೆ 18 ಪಂದ್ಯಗಳನ್ನು ಸೋತಿತು. ತರಬೇತುದಾರ ಡಾಕ್ ರಿವರ್ಸ್ ಅವರನ್ನು ತೆಗೆದುಹಾಕಬೇಕೆಂಬ ಕೂಗೆದ್ದಿತು. ಆಡಳಿತದವರು ಅವರನ್ನು ಉಳಿಸಿಕೊಂಡು, 2007ರ ಬೇಸಗೆಯಲ್ಲಿ ರೇ ಆಲೆನ್ ಮತ್ತು ಕೆವಿನ್ ಗಾರ್ನೆಟ್ ಎಂಬ ಇಬ್ಬರು ಮಹಾ ಆಟಗಾರರನ್ನು ವಿನಿಮಯದಿಂದ ಪಡೆದರು. ಗಾರ್ನೆಟ್ ಒಬ್ಬರಿಗಾಗಿ ಐವರು ಆಟಗಾರರನ್ನೂ ಹೊಸಬರ ಆಯ್ಕೆಯ ಎರಡು ಹಕ್ಕುಗಳನ್ನೂ ಮಿನೆಸೋಟಾ ತಂಡಕ್ಕೆ ಬಿಟ್ಟುಕೊಟ್ಟರು. ಮರುಋತುವಿನಲ್ಲಿ ಬಾಸ್ಟನ್ 66 ಗೆದ್ದು 16 ಸೋತು, ಅಂತಿಮದಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡವನ್ನು ಮಣಿಸಿ ಪ್ರಶಸ್ತಿ ಪಡೆಯಿತು. ಒಂದೇ ವರ್ಷದಲ್ಲಿ 42 ಗೆಲುವುಗಳ ಏರಿಕೆ. ಅಲ್ಲಿಯವರೆಗಿನ ಎನ್‌ಬಿಎ ಇತಿಹಾಸದಲ್ಲಿ ಅದೇ ಅತಿ ದೊಡ್ಡದು. ಗಾರ್ನೆಟ್‌ರನ್ನು ಕಳೆದುಕೊಂಡ ಮಿನೆಸೋಟಾ 32 ಗೆಲುವುಗಳಿಂದ 22ಕ್ಕೆ ಇಳಿಯಿತು. ಅನ್ವಯವೂ ವ್ಯತಿರೇಕವೂ ಒಂದೆಡೆ ಕೂಡಿದಂತಾಯಿತು.

ಆದರೂ ಸೂಕ್ಷ್ಮವಾಗಿ ನೋಡಿದರೆ ಇಲ್ಲಿಯೂ ಬೆರಕೆಯಿದೆ. ತಂಡದ ಹಳೆಯ ನಾಯಕ ಪಾಲ್ ಪಿಯರ್ಸ್ ಸೋಲಿನ ವರ್ಷ ಗಾಯಗೊಂಡು 47 ಪಂದ್ಯಗಳನ್ನಷ್ಟೇ ಆಡಿದ್ದರು, ಮರುವರ್ಷ ಆರೋಗ್ಯದಿಂದಿದ್ದರು. ಮೇಲಾಗಿ ಟಾಮ್ ತಿಬೊಡೊ ಎಂಬ ರಕ್ಷಣಾ ನಿಪುಣರು ಅದೇ ವರ್ಷ ಸಹಾಯಕ ತರಬೇತುದಾರರಾಗಿ ಬಂದರು. ಬಾಸ್ಟನ್ನಿನ ರಕ್ಷಣೆ ಆ ಋತುವಿನಲ್ಲಿ ಇಡೀ ಸಂಘದಲ್ಲಿ ಅತ್ಯುತ್ತಮವೆನಿಸಿತು. ಮಣ್ಣು ಬದಲಾಯಿತೆನ್ನುವಷ್ಟರಲ್ಲಿ ತಿಗರಿಯ ಬಳಿ ಇನ್ನೊಂದು ಕೈಯೂ ಕಾಣಿಸುತ್ತದೆ.

ಎರಡನೆಯ ಬಗೆಗೆ ಕ್ಯಾಲಿಫೋರ್ನಿಯದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ನಿದರ್ಶನ. ಮಾರ್ಕ್ ಜಾಕ್ಸನ್ ಅವರ ತರಬೇತಿಯಲ್ಲಿ ಅದು 2013-14ರಲ್ಲಿ 51 ಗೆದ್ದು 31 ಸೋತಿತು. ಅದು ಕೀಳು ಫಲವಲ್ಲ. ಆದರೂ ಜಾಕ್ಸನ್ ಅವರನ್ನು ಬಿಡಿಸಿ, ಹಿಂದೆಂದೂ ಮುಖ್ಯ ತರಬೇತುದಾರರಾಗಿರದ ಸ್ಟೀವ್ ಕರ್ ಅವರನ್ನು ತಂದರು. ಶಾನ್ ಲಿವಿಂಗ್‌ಸ್ಟನ್ ಮೊದಲಾದ ಕೆಲವರು ಹೊಸಬರು ಬಂದರಾದರೂ ಸ್ಟೀಫನ್ ಕರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್, ಆಂಡ್ರೆ ಇಗ್ವೊಡಾಲ, ಆಂಡ್ರೂ ಬೋಗಟ್ ಎಂಬ ಬುನಾದಿಯೆಲ್ಲ ಹಳೆಯದೇ. ಫಲ: 67 ಗೆಲುವು, 15 ಸೋಲು, 1975ರ ಅನಂತರದ ಮೊದಲ ಪ್ರಶಸ್ತಿ.

ಇಲ್ಲಿ ಕೈಯ ಕೆಲಸ ಬರಿಗಣ್ಣಿಗೆ ಕಾಣುತ್ತದೆ. ಹಿಂದಿನ ಋತುವಿನಲ್ಲಿ ಆ ತಂಡದವರು ಒಬ್ಬರಿಗೊಬ್ಬರು ಚೆಂಡು ಕೊಡುತ್ತಿದ್ದದ್ದು ಇಡೀ ಸಂಘದಲ್ಲಿಯೇ ಅತಿ ಕಡಿಮೆ. ಪಂದ್ಯವೊಂದಕ್ಕೆ 300 ಪಾಸುಗಳಾದರೂ ಆಗಬೇಕೆಂದು ಕರ್ ಗುರಿಯಿಟ್ಟರು. ಚೆಂಡು ಹೆಚ್ಚು ಕೈ ಬದಲಾಯಿಸಿದಷ್ಟೂ ಎದುರಾಳಿಗಳು ಜಾಗ ಬಿಟ್ಟು ಓಡಾಡಬೇಕಾಗುತ್ತದೆ. ದೂರದಿಂದ ಗುರಿಯಿಟ್ಟು ಎಸೆಯಬಲ್ಲ ಕರಿ, ಥಾಂಪ್ಸನ್‌ರಂಥವರಿಗೆ ಆಗ ಎಡೆ ದೊರೆಯುತ್ತದೆ. ಅಲ್ಲಿಯವರೆಗೆ ತಾವು ಆಡಿದ ಪ್ರತಿ ಪಂದ್ಯದಲ್ಲಿಯೂ ಆರಂಭದಿಂದಲೇ ಅಂಗಣದಲ್ಲಿರುತ್ತಿದ್ದ ಇಗ್ವೊಡಾಲ ಅವರನ್ನು ಬೆಂಚಿನಲ್ಲಿ ಕೂರಿಸಿ ಆಮೇಲೆ ಇಳಿಸಿದರು. ಹಿರಿಯ ಆಟಗಾರನು ಅದನ್ನು ಅವಮಾನವೆಂದೆಣಿಸದಂತೆ ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ. ಅಂತಿಮ ಸರಣಿಯಲ್ಲಿ ಕ್ಲೀವ್‌ಲ್ಯಾಂಡ್ ಎದುರು 1-2ರಿಂದ ಹಿಂದೆ ಬಿದ್ದಾಗ, ಕಿರಿಯ ಸಹಾಯಕನೊಬ್ಬನ ಸಲಹೆಯನ್ನು ಮನ್ನಿಸಿ, ಎತ್ತರದ ಬೋಗಟ್ ಬದಲು ಅದೇ ಇಗ್ವೊಡಾಲರಿಂದ ಆಟ ಆರಂಭಿಸಿದರು. ಮುಂದಿನ ಮೂರು ಪಂದ್ಯಗಳೂ ಗೆಲುವಾಗಿ, ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಇಗ್ವೊಡಾಲರಿಗೇ ಸಂದಿತು.

ಆದರೆ ಈ ನಿದರ್ಶನವೂ ನಿಷ್ಕಳಂಕವಲ್ಲ. ಋತುವಿನ ಆರಂಭದಲ್ಲಿ ಡೇವಿಡ್ ಲೀ ಎಂಬ ಪ್ರಮುಖ ಆಟಗಾರನು ಗಾಯಗೊಂಡದ್ದರಿಂದ ಗ್ರೀನ್ ಅವರಿಗೆ ಸ್ಥಾನ ದೊರೆಯಿತು. ತಂಡದ ಆಟವೇ ಅವರ ಸುತ್ತ ಹೊಸ ರೂಪ ತಳೆಯಿತು. ಇದನ್ನು ದೈವಸಹಾಯವೆನ್ನಬೇಕೇ ಹೊರತು ಯೋಜನೆಯೆನ್ನಲಾಗದು. ಕರಿ, ಥಾಂಪ್ಸನ್, ಗ್ರೀನ್ ಮೂವರೂ ವಯಸ್ಸಿನಿಂದಲೇ ಮೇಲೇರುತ್ತಿದ್ದ ಕಾಲವದು. ಥಾಂಪ್ಸನ್‌ರನ್ನು ವಿನಿಮಯಕ್ಕೆ ಕೊಡದೆ ಉಳಿಸಿಕೊಂಡದ್ದೂ ಆಡಳಿತದವರ ನಿರ್ಣಯವೇ. ಆಟಗಾರನನ್ನು ತರುವುದರಂತೆ ಬಿಡದಿರುವುದೂ ಆಯ್ಕೆಯೇ ಆಗಿದೆ. ಇನ್ನು ರಕ್ಷಣೆಯ ವಿಷಯ. ಜಾಕ್ಸನ್ ಅವರ ಕಾಲದಲ್ಲಿಯೇ ಅದು ಸಂಘದ ಮೊದಲ ಐದರೊಳಗೆ ಬಂದಿತ್ತು. ಕರ್ ಮಾಳಿಗೆ ಕಟ್ಟಿದ್ದು ಜಾಕ್ಸನ್ ಹಾಕಿದ ತಳಪಾಯದ ಮೇಲೆ.

ಈ ತಂಡದ ಮುಂದಿನ ಚರಿತ್ರೆಯೇ ಉತ್ತಮ ಪರೀಕ್ಷೆ. 2015-16ರ ಆರಂಭದಲ್ಲಿ ಕರ್ ಬೆನ್ನುನೋವಿನಿಂದ ದೂರವಿದ್ದಾಗ ಸಹಾಯಕ ಲ್ಯೂಕ್ ವಾಲ್ಟನ್ ತಂಡವನ್ನು ನಡೆಸಿದರು. 39 ಗೆಲುವು, 4 ಸೋಲು. ಆ ಋತು 73 ಗೆಲುವುಗಳಿಂದ ಮುಗಿದು ಹಳೆಯ ದಾಖಲೆಯನ್ನು ಮುರಿಯಿತು. ಅದೇ ವಾಲ್ಟನ್ ಮುಂದೆ ಲೇಕರ್ಸ್ ತಂಡದ ಮುಖ್ಯ ತರಬೇತುದಾರರಾದಾಗ ಮೂರು ಋತುಗಳಲ್ಲಿ ಒಮ್ಮೆಯೂ ಗೆಲುವು ಸೋಲನ್ನು ಮೀರಲಿಲ್ಲ. ಕರ್ ಅವರಿಗೂ ಬಿಡುಗಡೆಯಿರಲಿಲ್ಲ. 2019-20ರಲ್ಲಿ ಕೆವಿನ್ ಡ್ಯುರಾಂಟ್ ತಂಡ ಬಿಟ್ಟಿದ್ದರು. ಥಾಂಪ್ಸನ್ ಗಾಯದಿಂದ ಇಡೀ ಋತು ಆಡಲಿಲ್ಲ. ಕರಿ ಕೈಮುರಿದುಕೊಂಡು ಐದೇ ಪಂದ್ಯ ಆಡಿದರು. ಕೊರೋನಾ ಪಿಡುಗಿನಿಂದ ಮೊಟಕಾದ ಆ ಋತುವಿನಲ್ಲಿ ತಂಡ 15 ಗೆದ್ದು 50 ಸೋತು ಸಂಘದ ತಳ ಸೇರಿತು. ತರಬೇತುದಾರ ಅವರೇ, ವಿದ್ಯೆ ಅದೇ, ಮಣ್ಣಿರಲಿಲ್ಲ. ಕರಿ, ಥಾಂಪ್ಸನ್ ಮರಳಿದ ಮೇಲೆ 2022ರಲ್ಲಿ ಅದೇ ಕರ್ ಕೈಯಲ್ಲಿ ತಂಡ ಮತ್ತೆ ಪ್ರಶಸ್ತಿ ಗೆದ್ದಿತು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಷಿಕಾಗೋ ಬುಲ್ಸ್ ತಂಡದ ಮೈಕೆಲ್ ಜೋರ್ಡನ್ 1993ರ ಅಕ್ಟೋಬರಿನಲ್ಲಿ ನಿವೃತ್ತರಾದಾಗ ತಂಡ ಮುಳುಗಿತೆಂದೇ ಹಲವರು ಬಗೆದರು. ಹಿಂದಿನ ಋತುವಿನಲ್ಲಿ 57 ಗೆದ್ದಿದ್ದ ತಂಡ, ಫಿಲ್ ಜಾಕ್ಸನ್ ಅವರ ತರಬೇತಿಯಲ್ಲಿ, ಜೋರ್ಡನ್ ಇಲ್ಲದೆಯೂ 55 ಗೆದ್ದಿತು. ಒಬ್ಬನನ್ನೇ ಅವಲಂಬಿಸದಂತೆ ಐವರನ್ನೂ ತ್ರಿಕೋನಾಕಾರದಲ್ಲಿ ಹೊಂದಿಸಿ ಆಡಿಸುವ ಕ್ರಮವನ್ನು ಅವರು ರೂಢಿಸಿದ್ದರು. ಆ ಶಿಸ್ತೇ ತಂಡವನ್ನು ಕಾಪಾಡಿತು. ಆದರೆ ಮರುವರ್ಷ ಹೊರೇಸ್ ಗ್ರಾಂಟ್ ಕೂಡ ಹೊರಟುಹೋದಾಗ, ಜೋರ್ಡನ್ ಹಿಂದಿರುಗುವ ಮುನ್ನ ಅದೇ ತಂಡ 34 ಗೆಲುವು, 31 ಸೋಲುಗಳಲ್ಲಿ ತೂಗಾಡುತ್ತಿತ್ತು. ಶಿಸ್ತು ಒಂದು ಕಂಬದ ಕೊರತೆಯನ್ನು ತುಂಬೀತು, ಎರಡು ಕಂಬಗಳದನ್ನಲ್ಲ.

ಇವೆಲ್ಲದರ ನಡುವೆ ಕಾಕತಾಳೀಯ ನ್ಯಾಯವನ್ನೂ ಮರೆಯಲಾಗದು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಹೊತ್ತು ಕೂಡಿಬಂದರೆ ಕಾಗೆಗೆ ಹಿರಿಮೆ. ತರಬೇತುದಾರನನ್ನು ತೆಗೆಯುವುದು ಸಾಮಾನ್ಯವಾಗಿ ತಂಡ ಅತಿ ಕೆಳಗೆ ಬಿದ್ದಾಗ. ಹಾಗೆ ಬಿದ್ದದ್ದರಲ್ಲಿ ಗಾಯ, ದುರದೃಷ್ಟ, ಕೂದಲೆಳೆಯ ಅಂತರದ ಸೋಲುಗಳ ಪಾಲು ಬಹಳ. ಅವು ತಾವಾಗಿ ಸರಿಹೋಗುವ ಹೊತ್ತಿಗೆ ಹೊಸಬನು ಬಂದಿರುತ್ತಾನೆ. ಹಣ್ಣು ಅವನ ಲೆಕ್ಕಕ್ಕೆ ಬೀಳುತ್ತದೆ. ಅರ್ಥಶಾಸ್ತ್ರಜ್ಞ ಡೇವಿಡ್ ಬೆರಿ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎನ್‌ಬಿಎಯ 62 ತರಬೇತುದಾರರನ್ನು ಪರೀಕ್ಷಿಸಿ, ಆಟಗಾರರ ಆಟವನ್ನು ಗಣನೀಯವಾಗಿ ಉತ್ತಮಗೊಳಿಸಿದವರು 14 ಮಂದಿ ಮಾತ್ರವೆಂದು ಕಂಡುಕೊಂಡರು. ಫಿಲ್ ಜಾಕ್ಸನ್ ಅವರಲ್ಲೊಬ್ಬರು. ತರಬೇತಿ ನಿಷ್ಫಲವೆಂದು ಇದರ ಅರ್ಥವಲ್ಲ. ಅವರೆಲ್ಲರೂ ಆ ಮಟ್ಟಕ್ಕೆ ಏರಿದ ಸಮರ್ಥರಾದ್ದರಿಂದ ಒಬ್ಬರ ಬದಲು ಇನ್ನೊಬ್ಬರು ಬಂದಾಗ ಅಂತರ ಕಾಣುವುದು ವಿರಳ ಎಂದು ತಿಳಿಯುವುದು ಯುಕ್ತ.

ಈ ನಿದರ್ಶನಗಳಿಂದ ಹೊರಡುವ ಸಿದ್ಧಾಂತವಿಷ್ಟು. ತಳದಿಂದ ತುದಿಗೆ ಒಂದೇ ನೆಗೆತದಲ್ಲಿ ಏರಿದ ತಂಡದಲ್ಲಿ ಮೊದಲು ಹುಡುಕಬೇಕಾದದ್ದು ಆಟಗಾರರ ಬದಲಾವಣೆಯನ್ನು. ಒಳ್ಳೆಯದಾಗಿದ್ದು ಅತ್ಯುತ್ತಮವಾದ ತಂಡದಲ್ಲಿ ಹುಡುಕಬೇಕಾದದ್ದು ತರಬೇತಿಯನ್ನು. ಪಾತ್ರೆಯ ಅಳತೆ ಆಟಗಾರರಿಂದ. ಅದು ಎಷ್ಟು ತುಂಬೀತೆಂಬುದು ತರಬೇತುದಾರನಿಂದ. ಬಾಸ್ಟನ್ನಿನ 42 ಗೆಲುವುಗಳ ನೆಗೆತಕ್ಕೂ ಗೋಲ್ಡನ್ ಸ್ಟೇಟಿನ 16 ಗೆಲುವುಗಳ ಏರಿಕೆಗೂ ಇರುವ ಅಂತರದ ಗುಟ್ಟು ಇದೇ.

ವಿದ್ಯಾಸಂಸ್ಥೆಗಳಿಗೂ ಈ ವಿವೇಕ ಸಲ್ಲುತ್ತದೆ. ಹೆಚ್ಚು ಅಂಕ ಪಡೆದ ಮಕ್ಕಳನ್ನೇ ಆರಿಸಿ ಸೇರಿಸಿಕೊಂಡ ಶಾಲೆಯ ಫಲಿತಾಂಶವು ಮಣ್ಣಿನ ಗುಣವನ್ನು ಹೇಳೀತೇ ಹೊರತು ಕೈಯ ಗುಣವನ್ನಲ್ಲ. ಬಂದ ಮಗುವನ್ನು ಬರಮಾಡಿಕೊಂಡು, ಅದು ನಿಂತ ಮೆಟ್ಟಿಲಿನಿಂದ ಎರಡು ಮೆಟ್ಟಿಲು ಮೇಲೆ ಹತ್ತಿಸಿದ ಅಧ್ಯಾಪಕನ ಶ್ರಮ ಶೇಕಡಾವಾರು ಲೆಕ್ಕದಲ್ಲಿ ಕಾಣದೆ ಹೋಗಬಹುದು. ಒಂದು ವರ್ಷದ ಫಲಿತಾಂಶ ಇಳಿದೊಡನೆ ಅಧ್ಯಾಪಕನನ್ನು ದೂರುವವರೂ ಏರಿದೊಡನೆ ಹೊಗಳುವವರೂ, ಆ ವರ್ಷ ತರಗತಿಯಲ್ಲಿದ್ದ ಮಕ್ಕಳಾರು, ಅವರು ಎಲ್ಲಿಂದ ಹೊರಟವರು ಎಂಬುದನ್ನು ಮೊದಲು ಕೇಳಬೇಕು.

ಇನ್ನೊಂದು ಮಾತು. ಮಾರ್ಕ್ ಜಾಕ್ಸನ್ ಹಾಕಿದ ತಳಪಾಯದ ಮೇಲೆ ಎದ್ದ ಪ್ರಶಸ್ತಿಯಲ್ಲಿ ಅವರ ಹೆಸರಿಲ್ಲ. ಪ್ರೌಢಶಾಲೆಯ ಫಲಕದ ಮೇಲೆ ಬರೆದ ಪ್ರಥಮ ದರ್ಜೆಯ ಹೆಸರುಗಳ ಹಿಂದೆಯೂ ಅಕ್ಷರ ತಿದ್ದಿಸಿದ ಪ್ರಾಥಮಿಕ ಶಾಲೆಯ ಗುರುವೊಬ್ಬರ ಕೈಯಿರುತ್ತದೆ. ಆ ಹೆಸರೂ ಫಲಕದಲ್ಲಿ ಇರುವುದಿಲ್ಲ. ಏಳಿಗೆಯ ಕಾರಣವನ್ನು ವಿಚಾರಿಸುವವರು ಹಾಗೆ ಕಾಣದಿರುವ ಕೈಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ವಿಚಾರ ಪೂರ್ಣವಾಗುತ್ತದೆ. ಸಲ್ಲಬೇಕಾದ ಋಣವೂ ಸಲ್ಲುತ್ತದೆ.