ಕೈಗವಸು ಒಗ್ಗದವರಿಗೆ ಮರುಭೂಮಿಯ ರಬ್ಬರ್

ಬಲೂನು ಊದಿದ ಮಗುವಿನ ತುಟಿ ದಪ್ಪಗಾಗುತ್ತದೆ. ಹಲ್ಲು ಕೀಳಿಸಲು ಹೋದವರಿಗೆ ದಂತವೈದ್ಯರ ಕೈಗವಸು ತಗುಲಿದೊಡನೆ ಬಾಯಿಯ ಸುತ್ತ ನವೆ ಶುರುವಾಗುತ್ತದೆ. ಇದನ್ನು 'ಉಷ್ಣ' ಎಂದು ತಳ್ಳಿಹಾಕಬೇಡಿ. ರಬ್ಬರ್ ಮರದ ಹಾಲಿನಲ್ಲಿರುವ ಪ್ರೋಟೀನುಗಳು ಕೆಲವರ ದೇಹಕ್ಕೆ ಒಗ್ಗುವುದಿಲ್ಲ. ಇದೇ ಲೇಟೆಕ್ಸ್ ಅಲರ್ಜಿ.

ಯಾರಿಗೆ ಬರುತ್ತದೆ?

ದಿನವಿಡೀ ಕೈಗವಸು ತೊಡುವ ದಾದಿಯರು ಹಾಗೂ ವೈದ್ಯರಲ್ಲಿ, ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿದ್ದು ಹಲವು ಬಾರಿ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಇದು ಹೆಚ್ಚು. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು ತಿಂದಾಗಲೂ ಬಾಯಿ ತುರಿಸುವುದುಂಟು. ದದ್ದು, ಸೀನು, ಕಣ್ಣು ಕೆಂಪಾಗುವುದು ಸಾಮಾನ್ಯ ಲಕ್ಷಣಗಳು. ತೀವ್ರವಾದರೆ ಉಬ್ಬಸ ಬಂದು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಕೈಗವಸಿನ ಪುಡಿಯೊಡನೆ ಈ ಪ್ರೋಟೀನು ಗಾಳಿಯಲ್ಲೂ ಹರಡುತ್ತದೆ. ಆದ್ದರಿಂದಲೇ ಅಮೆರಿಕ 2017ರಲ್ಲಿ ಪುಡಿ ಹಚ್ಚಿದ ವೈದ್ಯಕೀಯ ಕೈಗವಸುಗಳನ್ನು ನಿಷೇಧಿಸಿತು.

ಕಾಂಗ್ರೆಸ್ ಗಿಡದ ದಾಯಾದಿ

ಉತ್ತರ ಮೆಕ್ಸಿಕೋ ಮತ್ತು ಟೆಕ್ಸಾಸಿನ ಮರುಭೂಮಿಯಲ್ಲಿ ಗ್ವಾಯುಲೆ ಎಂಬ ಪೊದೆ ತಾನಾಗಿ ಬೆಳೆಯುತ್ತದೆ. ಎರಡು ಮೂರು ಅಡಿ ಎತ್ತರ, ಬೂದು ಬಣ್ಣದ ಎಲೆ, ಸಣ್ಣ ಬಿಳಿ ಹೂ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಇದು ನಮ್ಮ ಹೊಲ, ಬೀದಿ ಬದಿಗಳನ್ನು ಆಕ್ರಮಿಸಿರುವ ಪಾರ್ಥೇನಿಯಂನ ಹತ್ತಿರದ ಸಂಬಂಧಿ. ಇದರ ರಬ್ಬರ್ ಹಾಲಾಗಿ ಸುರಿಯುವುದಿಲ್ಲ. ತೊಗಟೆಯ ಜೀವಕೋಶಗಳಲ್ಲಿ ಅಡಗಿರುತ್ತದೆ. ಗಿಡವನ್ನೇ ಅರೆದು ತೆಗೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ವಶವಾದಾಗ, 1942ರಲ್ಲಿ ಅಮೆರಿಕ ಇದನ್ನು ತುರ್ತಾಗಿ ಬೆಳೆಸಿತ್ತು.

ವೈದ್ಯರಿಗೆ ಮುಖ್ಯವಾದ ಸಂಗತಿ ಬೇರೆ. ಗ್ವಾಯುಲೆ ರಬ್ಬರಿನಲ್ಲಿ ಪ್ರೋಟೀನು ತೀರಾ ಕಡಿಮೆ. ಇರುವುದೂ ರಬ್ಬರ್ ಮರದ ಪ್ರೋಟೀನಿಗಿಂತ ಭಿನ್ನ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಇದರ ಕೈಗವಸಿಗೆ ಅನುಮತಿ ನೀಡಿತು.

ಹಾಗೆಂದು ಗಿಡ ಸಂಪೂರ್ಣ ನಿರಪಾಯವಲ್ಲ. ಪಾರ್ಥೇನಿಯಂ ತಗುಲಿ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಚರ್ಮ ಒರಟಾಗಿ ತುರಿಸುವವರನ್ನು ನೀವು ಕಂಡಿರಬಹುದು. ಗ್ವಾಯುಲೆಯ ರಾಳದಲ್ಲೂ ಚರ್ಮಕ್ಕೆ ಅಲರ್ಜಿ ತರಬಲ್ಲ ವಸ್ತುವಿದೆ. ಆದರೆ ರಾಳ ಬೇರೆ, ಶುದ್ಧೀಕರಿಸಿದ ರಬ್ಬರ್ ಬೇರೆ.

ನೀವೇನು ಮಾಡಬೇಕು?

* ಶಸ್ತ್ರಚಿಕಿತ್ಸೆ, ಹೆರಿಗೆ, ಹಲ್ಲಿನ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಚೀಟಿಯ ಮೇಲೆ ಬರೆಸಿ.
* ನೈಟ್ರೈಲ್ ಕೈಗವಸು, ಸಿಲಿಕೋನ್ ಕೊಳವೆ ಬಳಸುವಂತೆ ಕೇಳಿ.
* ಕೈಗವಸು ತೊಟ್ಟ ಮರುದಿನ ತುರಿಕೆ ಬಂದರೆ ಅದು ರಬ್ಬರಿಗೆ ಬೆರೆಸುವ ರಾಸಾಯನಿಕಗಳಿಂದಲೂ ಇರಬಹುದು. ಚರ್ಮವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ.
* ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಮನೆಮದ್ದು ಬೇಡ. ತಕ್ಷಣ ಅಡ್ರಿನಲಿನ್ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಧಾವಿಸಿ.